ಸಲ್ಲಬೇಕಾದದ್ದು: ಬ್ಯೂಮಾಂಟಿನಲ್ಲಿ ತಬರನ ಮರುಓದು

ನಮ್ಮ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಅಂಗೈಯಗಲದ ಒಂದು ಗಾಜಿನ ತುಂಡು ಕೂತಿದೆ. ಕಲ್ಲುಸಕ್ಕರೆಯನ್ನು ಓರೆಯಾಗಿ ಒಡೆದ ಹಾಗೆ ಅದರ ಆಕಾರ. ಮೇಲೆ ನನ್ನ ಹೆಂಡತಿಯ ಹೆಸರು, ಅದರ ಕೆಳಗೆ ಹದಿನೈದು ವರ್ಷಗಳ ನಿಷ್ಠೆಯ ಸೇವೆಗೆ ಕೃತಜ್ಞತೆ ಎನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಹದಿನೈದು ವರ್ಷ ಪ್ರತಿ ತಿಂಗಳೂ ಸಂಬಳದ ಚೀಟಿಯಲ್ಲಿ ಸರಿಯಾಗಿಯೇ ಅಚ್ಚಾಗುತ್ತಿದ್ದ ಹೆಸರು, ಕೃತಜ್ಞತೆ ಹೇಳುವ ದಿನ ಮಾತ್ರ ತಪ್ಪಿತು.

ಅವಳು ನರ್ಸ್. ಕೆಲಸ ಒಂದು ನರ್ಸಿಂಗ್ ಹೋಮಿನಲ್ಲಿ. ನಮ್ಮೂರಿನವರಿಗೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೆ ಸೇರಿಸುವ ಸಣ್ಣ ಆಸ್ಪತ್ರೆ; ಇಲ್ಲಿ ಅದು ವಯಸ್ಸಾದವರು ಕೊನೆಯ ವರ್ಷಗಳನ್ನು ಕಳೆಯುವ ಮನೆ. ಬಹುಮಾನ ಬಂದ ರಾತ್ರಿ ಹಾಸನ ಜಿಲ್ಲೆಯಲ್ಲಿರುವ ನಮ್ಮ ಮಾವನವರಿಗೆ ವಿಡಿಯೊ ಕಾಲ್ ಮಾಡಿ ಗಾಜನ್ನು ತೋರಿಸಿದಳು. ಅವರು ಮೂವತ್ನಾಲ್ಕು ವರ್ಷ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರು. ಕನ್ನಡಕ ಏರಿಸಿ ನೋಡಿ, "ಚೆನ್ನಾಗೈತೆ ಕಣಮ್ಮ. ಜೊತೆಗೆ ಒಂದು ಇನ್‌ಕ್ರಿಮೆಂಟ್ ಏನಾದ್ರೂ ಹಾಕಿದ್ರಾ?" ಎಂದರು. ಇಲ್ಲ ಅಪ್ಪ, ಅಂಗಡಿಯಲ್ಲಿ ಏನಾದರೂ ಕೊಳ್ಳಲು ಒಂದು ವೋಚರ್ ಕೊಟ್ಟಿದ್ದಾರೆ ಎಂದಳು. "ಹಂಗಾದ್ರೆ ನಂದೇ ವಾಸಿ. ನಂಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಎಚ್‌ಎಂಟಿ ವಾಚು. ಪಿಂಚಣಿ ಪೇಪರು ಮಾತ್ರ ಹತ್ತು ತಿಂಗಳು ಆಫೀಸ್ನಾಗೆ ಮಲ್ಗಿತ್ತು," ಎಂದು ನಕ್ಕರು.

ಆ ನಗು ಕೇಳಿದ ಮೇಲೆ ನಾನು ಅಟ್ಟದ ಪೆಟ್ಟಿಗೆಯಿಂದ ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನವನ್ನು ಹುಡುಕಿ ತೆಗೆದೆ. 1973ರಲ್ಲಿ ಬಂದ ಆ ಪುಸ್ತಕದಲ್ಲಿ 'ತಬರನ ಕಥೆ' ಇದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿದ್ದೆ. ಆಗ ನಮಗೆ ಕಲಿಸಿದ್ದು, ಬಹುತೇಕ ವಿಮರ್ಶೆಗಳೂ ಹೇಳುವುದು ಒಂದೇ: ಇದು ಅಧಿಕಾರಶಾಹಿಯ ಅಮಾನವೀಯತೆಯ ಕಥೆ, ವ್ಯವಸ್ಥೆಯ ಚಕ್ರಕ್ಕೆ ಸಿಕ್ಕ ಸಾಮಾನ್ಯನ ಕಥೆ. ಈ ಓದು ತಪ್ಪೇನಲ್ಲ. ಆದರೆ ಅದು ನಮ್ಮನ್ನು ಬಹಳ ಸುಲಭವಾಗಿ ಹೊರಗೆ ನಿಲ್ಲಿಸಿಬಿಡುತ್ತದೆ. ಕೆಟ್ಟವರು ಕಚೇರಿಯ ಗುಮಾಸ್ತರು, ನಾವಲ್ಲ. ಈ ಸಲ ಓದಿದಾಗ ನನಗೆ ಬೇರೆಯದೇ ಒಂದು ಪ್ರಶ್ನೆ ಎದ್ದಿತು. ತಬರಶೆಟ್ಟಿ ಕೇಳುತ್ತಿರುವುದೇನು? ಬಹುಮಾನವಲ್ಲ, ಕರುಣೆಯಲ್ಲ, ಮೆಚ್ಚುಗೆಯೂ ಅಲ್ಲ. ಆಗಲೇ ದುಡಿದು ಮುಗಿಸಿದ ಕೆಲಸಕ್ಕೆ ತನಗೆ ಬರಬೇಕಾದ ಬಾಕಿ. ಅದನ್ನು ಕೇಳುವ ಒಂದೊಂದು ಹೆಜ್ಜೆಯಲ್ಲೂ ಅವನು ಭಿಕ್ಷೆ ಬೇಡುವವನಂತೆ ಕಾಣತೊಡಗುತ್ತಾನೆ. ಬಾಕಿ ಭಿಕ್ಷೆಯಾಗಿ ಬದಲಾಗುವ ಆ ರಾಸಾಯನಿಕ ಕ್ರಿಯೆಯೇ ಈ ಕಥೆಯ ವಸ್ತು ಎಂದು ನನಗೀಗ ಅನ್ನಿಸುತ್ತದೆ.

ತಬರ ಸರ್ಕಾರಿ ನೌಕರರ ಏಣಿಯ ಕೆಳಗಿನ ಮೆಟ್ಟಿಲಿನವನು. ಕಾಫಿ ಬೆಳೆಗಾರರಿಂದ ತೆರಿಗೆ ವಸೂಲಿ ಮಾಡುವ ಕೆಲಸದಲ್ಲಿ ಎದ್ದ ಲೆಕ್ಕದ ತೊಡಕೊಂದು ನಿವೃತ್ತಿಯಾದ ಮೇಲೂ ಅವನ ಬೆನ್ನು ಬಿಡುವುದಿಲ್ಲ. ಬಲವಿದ್ದವರು ಕಟ್ಟದೆ ಉಳಿಸಿಕೊಂಡ ದುಡ್ಡಿಗೆ ಬಲವಿಲ್ಲದವನ ಪಿಂಚಣಿ ಒತ್ತೆ. ಹೆಂಡತಿಯ ಕಾಲಿಗೆ ಗ್ಯಾಂಗ್ರಿನ್ ಏರುತ್ತಿದೆ, ಕಾಗದಗಳು ಮೇಜಿನಿಂದ ಮೇಜಿಗೆ ಹೋಗುತ್ತಿವೆ. ಆ ಹಣ ಕೈಗೆ ಬಂದು ಆಕೆಯನ್ನು ಉಳಿಸಲಿಲ್ಲ. ಓದುಗರಿಗೆ ಗೊತ್ತಿರುವ ಕಥೆ, ಮತ್ತೆ ಹೇಳುವುದಿಲ್ಲ. ನನ್ನ ಗಮನಕ್ಕೆ ಬಂದದ್ದು ತೇಜಸ್ವಿಯವರ ದನಿ. ಅವರು ಅಳುವುದಿಲ್ಲ. ಊರಿನ ಕಟ್ಟೆಯ ಮೇಲೆ ಕೂತು ಇನ್ನೊಬ್ಬರ ಪೇಚಾಟವನ್ನು ಹೇಳುವವರ ಹಾಗೆ, ಸ್ವಲ್ಪ ನಗೆ ಬೆರೆಸಿ ಹೇಳುತ್ತಾರೆ. ನಕ್ಕ ಓದುಗನಿಗೆ ಆಮೇಲೆ ತಾನು ನಕ್ಕದ್ದಕ್ಕೆ ನಾಚಿಕೆ. ಗಿರೀಶ ಕಾಸರವಳ್ಳಿಯವರ ಸಿನಿಮಾ ಇದೇ ಕಥೆಯನ್ನು ಎತ್ತಿಕೊಂಡಾಗ ನಗು ಹಿಂದೆ ಸರಿದು ಚಾರುಹಾಸನರ ಮುಖ ಮುಂದೆ ಬಂತು. 1986ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಸ್ವರ್ಣಕಮಲವೂ ಶ್ರೇಷ್ಠ ನಟ ಪ್ರಶಸ್ತಿಯೂ ಅದಕ್ಕೆ ಬಂದವು. ಸಿನಿಮಾ ದೊಡ್ಡದೇ, ಅದರಲ್ಲಿ ತಬರ ಬ್ರಿಟಿಷರ ಕಾಲದಿಂದ ಸ್ವತಂತ್ರ ಭಾರತದವರೆಗೆ ಒಂದೇ ನಿಷ್ಠೆಯಿಂದ ದುಡಿದವನಾಗಿ ನಿಲ್ಲುತ್ತಾನೆ, ಆ ಇತಿಹಾಸದ ಭಾರ ಅವನ ಬೆನ್ನ ಮೇಲೆ ಕಾಣುತ್ತದೆ. ಆದರೂ ನನ್ನ ಮತ ಕಥೆಗೆ. ಕಣ್ಣೀರು ಬಂದರೆ ನಾವು ತಬರನ ಪರವಾಗಿದ್ದೇವೆಂದು ಸಮಾಧಾನವಾಗಿಬಿಡುತ್ತದೆ. ನಗು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಕಥೆ ಬಂದ ಒಂಬತ್ತು ವರ್ಷಕ್ಕೆ, 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಪಿಂಚಣಿ ಎಂಬುದು ಮಾಲೀಕನ ಮರ್ಜಿಯಿಂದ ಬೀಳುವ ಕೊಡುಗೆಯಲ್ಲ, ನೌಕರನ ಹಕ್ಕು. ಭಾರತದ ಪಿಂಚಣಿದಾರರು ಇವತ್ತಿಗೂ ಆ ತಾರೀಖನ್ನು ತಮ್ಮ ದಿನವೆಂದು ಆಚರಿಸುತ್ತಾರೆ. ನಮ್ಮ ಮಾವನವರೂ ಆ ದಿನ ಬಿಳಿ ಪಂಚೆ ಉಟ್ಟು ತಾಲ್ಲೂಕಿಗೆ ಹೋಗುತ್ತಾರೆ. ಅಲ್ಲಿ ಎಂಬತ್ತು ದಾಟಿದವರಿಗೆ ಶಾಲು ಹೊದಿಸುತ್ತಾರಂತೆ.

ಕನ್ನಡದಲ್ಲಿ ಇದಕ್ಕೆ ಇರುವ ಪದಗಳನ್ನೇ ನೋಡಿ. 'ಸಲ್ಲು' ಎನ್ನುವುದು ಎಂಥ ಒಳ್ಳೆಯ ಕ್ರಿಯಾಪದ. ನಾಣ್ಯ ಸಲ್ಲುತ್ತದೆ, ಮಾತು ಸಲ್ಲುತ್ತದೆ, ಬಾಕಿ ಸಲ್ಲಬೇಕು. ಕೊಡುವವನ ದೊಡ್ಡತನಕ್ಕೆ ಅದರಲ್ಲಿ ಜಾಗವೇ ಇಲ್ಲ. 'ಮನ್ನಣೆ' ಹಾಗಲ್ಲ. ಅದು ಹುಟ್ಟಿದ್ದು 'ಮನ್ನಿಸು' ಎಂಬಲ್ಲಿ. ಗೌರವಿಸುವುದಕ್ಕೂ ಅದೇ ಮಾತು, ತಪ್ಪನ್ನು ಕ್ಷಮಿಸುವುದಕ್ಕೂ ಅದೇ ಮಾತು. ಎರಡರಲ್ಲೂ ಮನ್ನಿಸುವವನು ಮೇಲೆ, ಮನ್ನಿಸಿಕೊಳ್ಳುವವನು ಕೆಳಗೆ. ವೇದಿಕೆಯ ಮೇಲೆ ಶಾಲು ಹೊದೆಸಿಕೊಳ್ಳುವಾಗ ನಮ್ಮವರು ತಲೆ ತಗ್ಗಿಸುವ ರೀತಿಯನ್ನು ನೆನಪಿಸಿಕೊಂಡರೆ ಈ ಎರಡು ಅರ್ಥ ಒಂದೇ ಪದದಲ್ಲಿ ಹೇಗೆ ವಾಸ ಮಾಡಿಕೊಂಡಿವೆ ಎಂದು ತಿಳಿಯುತ್ತದೆ.

ಹಳಗನ್ನಡದವರಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿತ್ತೇನೋ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲೊಂದಿದೆ. ಕಾಲ ಕ್ರಿ.ಶ. 949–50. ನಾಯಿಯೊಂದು ಹಂದಿಯ ಮೇಲೆ ಎರಗಿರುವ ಚಿತ್ರ ಅದರ ಮೇಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನೇ ಕೊಟ್ಟ. ಬೂತುಗ ತನ್ನ ಕೈಕೆಳಗಿನ ವೀರ ಮಣಲೇರನನ್ನು ಮೆಚ್ಚಿ ಏನು ಬೇಕೋ ಕೇಳು ಎಂದ. ಮಣಲೇರ ಕೇಳಿದ್ದು ಒಡೆಯನ ಪ್ರೀತಿಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಳಿ ಮುಂದೆ ಕೆಳಲೆ ನಾಡಿನಲ್ಲಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಂತಿತು.

ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ವೀರನಿಗೆ, ವೀರನಿಂದ ನಾಯಿಗೆ ಇಳಿದು ಬಂದ ಮೆಚ್ಚುಗೆಯ ಈ ಏಣಿಯಲ್ಲಿ ನನಗೆ ಎರಡು ಸಂಗತಿ ಮುಖ್ಯ. ಒಂದು, ಮಣಲೇರನಿಗೆ ಸಿಕ್ಕಿದ್ದು ನಾಯಿ ಮಾತ್ರವಲ್ಲ. ಆತುಕೂರು ಹನ್ನೆರಡನ್ನು ಅವನಿಗೆ ಬಾಳ್ಗಚ್ಚು ಕೊಟ್ಟದ್ದು ಅದೇ ಶಾಸನದಲ್ಲಿದೆ. ಬಾಳು ಎಂದರೆ ಕತ್ತಿ. ಯುದ್ಧ ಮುಗಿಸಿ ಬಂದವನ ಕತ್ತಿ ತೊಳೆದು ಕೊಡುವ ಭೂಮಿ. ಅಂದರೆ ಸಲ್ಲಬೇಕಾದದ್ದು ಸಂದಿತ್ತು. ಅದರಾಚೆಗಿನ ಪ್ರೀತಿಯ ವಸ್ತು ಕಾಳಿ. ಎರಡನೆಯದು, ಆ ಕಲ್ಲನ್ನು ನಿಲ್ಲಿಸಿ ಎಲ್ಲರೂ ಮನೆಗೆ ಹೋಗಲಿಲ್ಲ. ಅದಕ್ಕೆ ಪೂಜೆ ನಡೆಸುವ ಗೊರವನಿಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಅವನು ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ನೆನಪಿಟ್ಟುಕೊಳ್ಳುವುದಕ್ಕೂ ಒಬ್ಬರಿಗೆ ಸಂಬಳ ಬೇಕು ಎಂದು ಹತ್ತನೆಯ ಶತಮಾನದ ಮಂಡ್ಯದವರು ತಿಳಿದಿದ್ದರು. ಸತ್ತವರ ಮನೆಯವರಿಗೆ ಬಿಡುತ್ತಿದ್ದ ನೆತ್ತರುಗೊಡಗೆ ಎಂಬ ಭೂಮಿಯೂ ಇದೇ ಲೆಕ್ಕದ್ದು. ಹೆಸರೇ ಹೇಳುವಂತೆ ಅದು ನೆತ್ತರಿಗೆ ಕೊಟ್ಟದ್ದು.

ಈ ಕಲ್ಲಿಗೆ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ತನ್ನ ಭಾರತವನ್ನು ಮುಗಿಸಿದ್ದ. ಅರಿಕೇಸರಿ ಅವನಿಗೆ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ. ಉಂಡ ಅನ್ನದ ಋಣಕ್ಕೆ ಆ ಕಾಲದ ಮಾತು 'ಜೋಳದ ಪಾಳಿ'. ಪಂಪನ ಕರ್ಣ ತಾಯಿಯ ಕರೆಗೂ ಕೃಷ್ಣನ ಆಮಿಷಕ್ಕೂ ಬಗ್ಗದೆ ದುರ್ಯೋಧನನ ಜೊತೆ ಉಳಿಯುವುದು ಈ ಪಾಳಿಗಾಗಿ. ನಮ್ಮ ವಿಮರ್ಶೆ ಇದನ್ನು ಸ್ವಾಮಿನಿಷ್ಠೆ ಎಂದು ಕೊಂಡಾಡಿದೆ. ಆದರೆ ಪಾಳಿ ಎಂದರೆ ಸರದಿಯೂ ಹೌದು. ಇವತ್ತು ನಿನ್ನದು, ನಾಳೆ ನನ್ನದು. ಒಡೆಯನ ಸರದಿ ಬಂದಾಗ ಅವನು ಏನು ಮಾಡಬೇಕು ಎನ್ನುವುದನ್ನು ನಾವು ಅಷ್ಟು ಉತ್ಸಾಹದಿಂದ ಚರ್ಚಿಸಿಲ್ಲ. ತಬರ ಆ ಸರದಿಗೆ ಕಾದು ಕೂತವನು.

ಬ್ಯೂಮಾಂಟಿನಲ್ಲಿ ಕೂತು ಇದನ್ನೆಲ್ಲ ಯೋಚಿಸುವುದಕ್ಕೆ ಒಂದು ನೆಪವೂ ಇದೆ. ಡಬ್ಲಿನ್ನಿನ ಉತ್ತರಕ್ಕಿರುವ ಈ ಬಡಾವಣೆಗೆ ಹೆಸರು ಬಂದದ್ದು ಬ್ಯೂಮಾಂಟ್ ಹೌಸ್ ಎಂಬ ಮನೆಯಿಂದ. ಅದು ಆರ್ಥರ್ ಗಿನ್ನೆಸ್ಸನ ಮನೆ. 1759ರಲ್ಲಿ ವರ್ಷಕ್ಕೆ 45 ಪೌಂಡಿನಂತೆ 9000 ವರ್ಷಕ್ಕೆ ಜಾಗ ಗುತ್ತಿಗೆ ಹಿಡಿದು ಬಿಯರು ಕಾಯಿಸಲು ಶುರುಮಾಡಿದವನು. ಈಗ ಬ್ಯೂಮಾಂಟ್ ಎಂದರೆ ಎಲ್ಲರಿಗೂ ನೆನಪಾಗುವುದು ದೊಡ್ಡ ಆಸ್ಪತ್ರೆ. ನಗರದೊಳಗಿನ ಜರ್ವಿಸ್ ಸ್ಟ್ರೀಟ್ ಮತ್ತು ರಿಚ್‌ಮಂಡ್ ಎಂಬ ಎರಡು ಹಳೆಯ ಆಸ್ಪತ್ರೆಗಳು ಮುಚ್ಚಿ 1987ರಲ್ಲಿ ಇಲ್ಲಿ ಒಂದಾದವು. ಬೆಳಿಗ್ಗೆ ಏಳಕ್ಕೆ ಬಸ್ ಸ್ಟಾಪಿನಲ್ಲಿ ನಿಂತರೆ ಮಲಯಾಳ, ಟ್ಯಾಗಲಾಗ್, ಅಪರೂಪಕ್ಕೆ ಕನ್ನಡ ಕೇಳುತ್ತದೆ.

ಗಿನ್ನೆಸ್ ಕಂಪನಿ ನೌಕರರನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ಡಬ್ಲಿನ್ನಿನಲ್ಲಿ ಹೆಸರಾಗಿತ್ತು. ಊರಿನ ಸರಾಸರಿಗಿಂತ ಹೆಚ್ಚು ಕೂಲಿ, ಕಂಪನಿಯದೇ ವೈದ್ಯರು, ಪಿಂಚಣಿ, ದಿನದ ಪಾಲಿನ ಬಿಯರು. ಆ ವೈದ್ಯರಲ್ಲಿ ಒಬ್ಬರಾದ ಜಾನ್ ಲಮ್ಸ್‌ಡೆನ್ 1900ರಲ್ಲಿ ನೌಕರರ ಮನೆ ಮನೆಗೆ ಹೋಗಿ ಅವರು ಬದುಕುವ ಸ್ಥಿತಿಯನ್ನು ಬರೆದಿಟ್ಟರು. ಮೊದಲ ಮಹಾಯುದ್ಧಕ್ಕೆ ಹೋದ ಎಂಟುನೂರಕ್ಕೂ ಹೆಚ್ಚು ನೌಕರರ ಕೆಲಸವನ್ನು ಕಂಪನಿ ಕಾಯ್ದಿಟ್ಟಿತು. ಮನೆಯವರಿಗೆ ಅರ್ಧ ಸಂಬಳ ಕೊಟ್ಟಿತು. ನೆತ್ತರುಗೊಡಗೆಯ ದೂರದ ನೆಂಟ ಎನ್ನಬಹುದು. ಇದೆಲ್ಲ ದೊಡ್ಡ ಮನಸ್ಸೋ ಜಾಣ ವ್ಯಾಪಾರವೋ ಎಂದು ಇಲ್ಲಿನ ಇತಿಹಾಸಕಾರರು ಜಗಳವಾಡಲಿ. ಸಂಬಳ ಮನೆಗೆ ಬಂದವರಿಗೆ ಆ ಜಗಳ ಬೇಕಿರಲಿಲ್ಲ.

ಆದರೆ ಅದೇ ಡಬ್ಲಿನ್ನಿನ ಇನ್ನೊಂದು ಮುಖ ಬೇಕಾದರೆ ಜೇಮ್ಸ್ ಪ್ಲಂಕೆಟ್‌ನ 'ಸ್ಟ್ರಂಪೆಟ್ ಸಿಟಿ' ಓದಬೇಕು. 1969ರ ಕಾದಂಬರಿ; 1913ರ ಲಾಕೌಟ್ ಅದರ ಕೇಂದ್ರ. 2013ರಲ್ಲಿ, ಲಾಕೌಟಿಗೆ ನೂರು ತುಂಬಿದಾಗ, ಇಡೀ ಊರು ಓದುವ ಪುಸ್ತಕವಾಗಿ ನಗರದ ಗ್ರಂಥಾಲಯಗಳು ಇದನ್ನೇ ಆರಿಸಿದವು. ನಾನೂ ಆಗಲೇ ಓದಿದ್ದು. ಎಲ್ಲರೂ ಅದರಲ್ಲಿ ಮೆಚ್ಚುವುದು ರ‍್ಯಾಷರ್ಸ್ ಟಿಯರ್ನಿ ಎಂಬ ಭಿಕಾರಿಯನ್ನು. ನನ್ನನ್ನು ಹಿಡಿದು ನಿಲ್ಲಿಸಿದವಳು ಮಿಸ್ ಗಿಲ್‌ಕ್ರಿಸ್ಟ್. ಬ್ರ್ಯಾಡ್‌ಶಾ ದಂಪತಿಗಳ ಮನೆಯಲ್ಲಿ ದಶಕಗಳ ಕಾಲ ದುಡಿದ ಮುದುಕಿ. ಕಾಯಿಲೆ ಬಿದ್ದು ಇನ್ನು ಕೆಲಸಕ್ಕೆ ಬಾರಳು ಎಂದಾದಾಗ ಮನೆಯ ಯಜಮಾನ ಅವಳನ್ನು ಬಡವರ ಆಶ್ರಮಕ್ಕೆ, ಇಲ್ಲಿನವರು ವರ್ಕ್‌ಹೌಸ್ ಎಂದು ಹೆದರಿ ಹೇಳುತ್ತಿದ್ದ ಜಾಗಕ್ಕೆ, ಸಾಗಿಸಿಬಿಡುತ್ತಾನೆ. ಯಜಮಾನಿಗೆ ಮನಸ್ಸು ಕುಟುಕುತ್ತದೆ, ಮಾತಾಡುವ ಧೈರ್ಯ ಸಾಲದು. ಅವಳನ್ನು ನೋಡಲು ಹೋಗುವವಳು ಅದೇ ಮನೆಯಲ್ಲಿ ಕೆಲಸಕ್ಕಿದ್ದ ಎಳೆಯ ಹುಡುಗಿ ಮೇರಿ.

ತಬರನನ್ನೂ ಮಿಸ್ ಗಿಲ್‌ಕ್ರಿಸ್ಟಳನ್ನೂ ಅಕ್ಕಪಕ್ಕ ಕೂರಿಸಿ ನೋಡಿ. ತೇಜಸ್ವಿಯವರ ಕಥೆಯಲ್ಲಿ ಸಾಲಗಾರನಿಗೆ ಮುಖವಿಲ್ಲ, ಸರ್ಕಾರವೆಂದರೆ ಯಾರು? ಪ್ರತಿ ಮೇಜಿನವನೂ ಇನ್ನೊಂದು ಮೇಜನ್ನು ತೋರಿಸುತ್ತಾನೆ. ಪ್ಲಂಕೆಟ್‌ನಲ್ಲಿ ಸಾಲಗಾರನಿಗೆ ಮುಖವಿದೆ, ಹೆಸರಿದೆ, ಊಟದ ಮೇಜಿದೆ. ಆ ಮೇಜಿಗೆ ಅವಳೇ ಊಟ ಬಡಿಸಿದ್ದಾಳೆ. ಆದರೂ ಫಲ ಒಂದೇ. ಹಾಗಾಗಿ ತಬರನ ಕಥೆಯ ಖಳನಾಯಕ ಕಡತ, ಕೆಂಪುಪಟ್ಟಿ ಎಂದು ನಾವು ಹೇಳಿಕೊಂಡು ಬಂದದ್ದು ಸಾಲದು ಅನ್ನಿಸುತ್ತದೆ. ಕಡತವೇ ಇಲ್ಲದ ಮನೆಯಲ್ಲೂ ಇದು ನಡೆಯಿತು. ಬ್ರ್ಯಾಡ್‌ಶಾ ಕ್ರೂರಿಯೇನಲ್ಲ, ಅವನ ಲೆಕ್ಕದಲ್ಲಿ ಮಿಸ್ ಗಿಲ್‌ಕ್ರಿಸ್ಟಳ ಸಂಬಳ ತಿಂಗಳು ತಿಂಗಳಿಗೆ ಚುಕ್ತಾ ಆಗಿತ್ತು. ಉಳಿದ ಬಾಕಿ ಎಂಬುದೊಂದಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಹೆಂಡತಿಗೆ ಹೊಳೆಯಿತು, ಆದರೆ ಚೆಕ್ ಪುಸ್ತಕ ಅವಳ ಕೈಯಲ್ಲಿರಲಿಲ್ಲ.

ಈಚಿನ ಉದಾಹರಣೆ ನಮ್ಮ ಕಣ್ಣೆದುರೇ ನಡೆಯಿತು. 2020ರ ಮಾರ್ಚ್ 22ರ ಸಂಜೆ ಊರಿನಲ್ಲಿ ತಟ್ಟೆ ಬಡಿದರು. ನಾಲ್ಕು ದಿನ ಬಿಟ್ಟು, 26ರ ರಾತ್ರಿ ಎಂಟಕ್ಕೆ, ಇಲ್ಲಿ ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಬಂದು ಆರೋಗ್ಯ ಸಿಬ್ಬಂದಿಗೆ ಚಪ್ಪಾಳೆ ತಟ್ಟಿದರು. ನಾನೂ ಮಗಳೂ ಬಾಣಲೆ ಹಿಡಿದು ನಿಂತಿದ್ದೆವು. ಯಾರಿಗಾಗಿ ತಟ್ಟಿದೆವೋ ಅವಳು ಆ ಹೊತ್ತಿನಲ್ಲಿ ಡ್ಯೂಟಿಯಲ್ಲಿದ್ದಳು. ಚಪ್ಪಾಳೆ ಅವಳಿಗೆ ಕೇಳಲಿಲ್ಲ.

2022ರ ಜನವರಿಯಲ್ಲಿ ಐರಿಷ್ ಸರ್ಕಾರ ಮುಂಚೂಣಿಯ ಆರೋಗ್ಯ ಸಿಬ್ಬಂದಿಗೆ ತೆರಿಗೆಯಿಲ್ಲದ ಸಾವಿರ ಯೂರೊ ಘೋಷಿಸಿತು. ಅದರ ಅಧಿಕೃತ ಹೆಸರಿನಲ್ಲೇ ಮನ್ನಣೆಯ ಮಾತಿತ್ತು. ಜೊತೆಗೆ ಇಡೀ ದೇಶಕ್ಕೆ ಒಂದು ರಜೆ. 2023ರಿಂದ ಅದು ಸಂತ ಬ್ರಿಜಿಡ್ಡಳ ಹೆಸರಿನಲ್ಲಿ ಫೆಬ್ರವರಿಯ ಶುರುವಿಗೆ ಕಾಯಂ ಆಯಿತು. ರಜೆ ಎಲ್ಲರಿಗೂ ಸಮಯಕ್ಕೆ ಸರಿಯಾಗಿ ತಲುಪಿತು. ಹಣ ಹಾಗಲ್ಲ. 2020ರ ಮಾರ್ಚಿನಿಂದ 2021ರ ಜೂನಿನ ನಡುವೆ ಸೋಂಕಿನ ನಡುವೆ ಕೆಲಸ ಮಾಡಿದವರಾಗಿರಬೇಕು, ಇಂತಿಷ್ಟು ದಿನ ಮಾಡಿರಬೇಕು, ಪೂರ್ಣಾವಧಿಯ ಶೇ. 60ಕ್ಕಿಂತ ಕಡಿಮೆ ಗಂಟೆ ದುಡಿದವರಿಗೆ 600 ಯೂರೊ. ಸರ್ಕಾರಿ ಆಸ್ಪತ್ರೆಗಳ ನೇರ ನೌಕರರಿಗೆ ಮೊದಲು ಬಂತು. ಏಜೆನ್ಸಿಯ ಮೂಲಕ ದುಡಿದ ಶುಚಿ ಸಿಬ್ಬಂದಿ, ಖಾಸಗಿ ನರ್ಸಿಂಗ್ ಹೋಮುಗಳ ಸಹಾಯಕರು ತಿಂಗಳುಗಟ್ಟಲೆ ಕಾದರು; ಎಷ್ಟೋ ಜನರಿಗೆ ಮುಂದಿನ ವರ್ಷವೇ ಕೈ ಸೇರಿದ್ದು. ಸಂಬಳ ಕಡಿಮೆಯಿದ್ದವರೇ ಹೆಚ್ಚು ಕಾದವರು. ಮನ್ನಣೆಗೂ ಒಂದು ಮೇಜು, ಅದರ ಮುಂದೆ ಒಂದು ಸಾಲು, ಸಾಲಿನ ಕೊನೆಯಲ್ಲಿ ತಬರ.

ಊರಿನ ಕಡೆ ತಿರುಗಿದರೂ ಇದೇ. ಆಶಾ ಕಾರ್ಯಕರ್ತೆಯರನ್ನು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟು ಗೌರವಿಸಿತು. ಕರ್ನಾಟಕದ ಆಶಾಗಳು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು, ತಿಂಗಳಿಗೆ ಕನಿಷ್ಠ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆದು ಎದ್ದರು. ಅವರು ಕೇಳಿದ್ದು ಹದಿನೈದು. ಸರ್ಕಾರದ ಭಾಷೆಯಲ್ಲಿ ಅವರು ನೌಕರರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಧನ ಕಡಿಮೆಯಾದಷ್ಟೂ ಅದರ ಹಿಂದೆ ಸೇರುವ ವಿಶೇಷಣ ದೊಡ್ಡದಾಗುತ್ತದೆ. ಅಂಗನವಾಡಿಯವರ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟ್ 2022ರ ಏಪ್ರಿಲಿನಲ್ಲಿ ಈ ವಿಶೇಷಣವನ್ನು ಬದಿಗೆ ಸರಿಸಿ, 1972ರ ಕಾಯ್ದೆಯ ಪ್ರಕಾರ ಅವರಿಗೂ ಗ್ರಾಚುಟಿ ಸಲ್ಲಬೇಕು ಎಂದಿತು.

ಇಷ್ಟು ಹೇಳಿ, ಗಾಜಿನ ತುಂಡು, ಗಡಿಯಾರ, ಶಾಲು ಎಲ್ಲ ಮೋಸ ಎಂದು ತೀರ್ಪು ಕೊಟ್ಟು ಮುಗಿಸುವ ಆಸೆ ನನಗೂ ಇತ್ತು. ಪಕ್ಕದ ಮನೆಯ ಹಿರಿಯರು ಬಿಡಲಿಲ್ಲ. ವಯಸ್ಸು ಎಂಬತ್ತೈದರ ಮೇಲೆ, ಒಂಟಿ. ನಗರದ ಒಂದು ಕಾರ್ಖಾನೆಯಲ್ಲಿ ನಲವತ್ತು ವರ್ಷ ಫಿಟ್ಟರಾಗಿದ್ದವರು. ಅವರ ಅಗ್ಗಿಷ್ಟಿಕೆಯ ಮೇಲೆ ಹಿತ್ತಾಳೆಯ ಗಡಿಯಾರವೊಂದಿದೆ, ಕೆಳಗೆ ಅವರ ಹೆಸರು ಕೆತ್ತಿದ ಪಟ್ಟಿ. ಭಾನುವಾರ ಚರ್ಚಿನಿಂದ ಬಂದು ಅದಕ್ಕೆ ಕೀ ಕೊಡುತ್ತಾರೆ. ನನ್ನ ವಾದವನ್ನೆಲ್ಲ ಕೇಳಿ ಅವರು ಹೇಳಿದ್ದು: "ದುಡ್ಡು ಕೊಟ್ಟಿದ್ದರೆ ಅದೇ ವಾರ ಖರ್ಚಾಗಿ ಹೋಗುತ್ತಿತ್ತು ಮಗಾ. ಇದು ದಿನಾ ನನ್ನನ್ನು ನೋಡುತ್ತದೆ."

ಐರ್ಲೆಂಡಿನ ತೆರಿಗೆ ಕಾನೂನಿಗೂ ಅವರ ಮಾತು ಒಪ್ಪಿಗೆ ಎಂದು ಆಮೇಲೆ ಗೊತ್ತಾಯಿತು. ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲದ ಸೇವೆಗೆ ಕೊಡುವ ಉಡುಗೊರೆಗೆ ತೆರಿಗೆಯಿಲ್ಲ. ಆದರೆ ಅದು ಕೈಯಲ್ಲಿ ಹಿಡಿಯುವಂಥ ವಸ್ತುವಾಗಿರಬೇಕು, ಬೆಲೆ ಸೇವೆಯ ವರ್ಷಕ್ಕೆ 50 ಯೂರೊ ಮೀರಬಾರದು. ಇದೇ ರಿಯಾಯಿತಿಯಲ್ಲಿ ಹಣ ಕೊಡುವಂತಿಲ್ಲ. ಮೊದಲು ಓದಿದಾಗ ಕುಹಕದ ನಗು ಬಂತು: ಗಡಿಯಾರಕ್ಕೆ ರಿಯಾಯಿತಿ, ಬಾಡಿಗೆ ಕಟ್ಟುವ ದುಡ್ಡಿಗೆ ಇಲ್ಲ! ಆಮೇಲೆ ಯೋಚಿಸಿದರೆ, ಸಂಬಳ ಬೇರೆ ನೆನಪು ಬೇರೆ ಎಂಬುದನ್ನು ಕಾನೂನು ತನ್ನ ಒರಟು ರೀತಿಯಲ್ಲಿ ಒಪ್ಪಿಕೊಂಡಿದೆ. ಹಿರಿಯರ ಗಡಿಯಾರ ಸಿಹಿಯಾಗಿರುವುದಕ್ಕೆ ಕಾರಣ ನಾನು ಕೇಳಿ ತಿಳಿದುಕೊಂಡೆ. ಅವರಿಗೆ ಕಾರ್ಖಾನೆಯ ಪಿಂಚಣಿ ತಿಂಗಳು ತಪ್ಪದೆ ಬರುತ್ತದೆ. ಮಣಲೇರನ ಹಾಗೆ ಅವರಿಗೂ ಊರು ಸಿಕ್ಕಿತ್ತು, ಮೇಲೆ ಕಾಳಿಯೂ ಸಿಕ್ಕಿತು. ತಬರನಿಗೆ ಒಂದು ಗಡಿಯಾರ ಕೊಟ್ಟಿದ್ದರೆ ಅವನು ಅದನ್ನು ಮಾರಿ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುತ್ತಿದ್ದ. ಅದು ಅವನ ಕೃತಘ್ನತೆಯಾಗುತ್ತಿರಲಿಲ್ಲ.

ನಮ್ಮ ಮಾವನವರ ಎಚ್‌ಎಂಟಿ ವಾಚೂ ನಡೆಯುತ್ತಿದೆ. ಅದನ್ನು ಮಾಡಿದವರದೇ ಬೇರೆ ಕಥೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಶುರುವಾದ, ಕರ್ನಾಟಕದ ಅದೆಷ್ಟೋ ಬೀಳ್ಕೊಡುಗೆ ಸಮಾರಂಭಗಳಿಗೆ ಕೈಗಡಿಯಾರ ಒದಗಿಸಿದ ಉದ್ಯಮವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅಲ್ಲಿ ಕೊನೆಯವರೆಗೂ ಉಳಿದವರಿಗೆ ಯಾರು ಯಾವ ವಾಚು ಕಟ್ಟಿದರೋ.

ವಚನಕಾರರನ್ನು ಬಿಟ್ಟರೆ ಈ ಚರ್ಚೆ ಅರ್ಧವಾಗುತ್ತದೆ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿದ ಮಾತು ಇವತ್ತು ಸರ್ಕಾರಿ ಕಚೇರಿಗಳ ಗೋಡೆಯ ಮೇಲೂ ನಮ್ಮ ಸಂಘಗಳ ಸ್ಮರಣ ಸಂಚಿಕೆಯ ಹಿಂಬದಿಯಲ್ಲೂ ಇದೆ. ಹೆಚ್ಚಾಗಿ ಅದನ್ನು ಬಳಸುವುದು, ಕೆಲಸವೇ ಪೂಜೆ, ಆದ್ದರಿಂದ ಪ್ರತಿಫಲ ಕೇಳಬೇಡ ಎನ್ನುವುದಕ್ಕೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಹಾಗೆ ಹೇಳುವುದಿಲ್ಲ. ಗಂಡ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ಸು ಕಳಿಸಿದವಳು ಅವಳು. ಅವಳ ಅಳತೆ ಎರಡೂ ಕಡೆಗೆ ಕಟ್ಟುನಿಟ್ಟು. ನಮಗೆ ಸಲ್ಲದ್ದು ಬೇಡ ಎನ್ನುವವಳಿಗೆ ಸಲ್ಲುವುದು ಎಷ್ಟು ಎಂದು ಪಡಿ ಲೆಕ್ಕದಲ್ಲಿ ಗೊತ್ತಿತ್ತು. ತಮಗೆ ಬಾಕಿ ಎಷ್ಟು ಎಂದು ಕೇಳುವ ಆಶಾಗಳೇ ಅವಳ ವಂಶದವರು, ಗೋಡೆಯ ಫಲಕ ಬರೆಸಿದವರಲ್ಲ.

ಮೆಚ್ಚುಗೆಯನ್ನು ಹೆಸರಿನ ಮುಂದೆಯೇ ಹೊತ್ತವರು ಮಾಸ್ತಿ. ಮೈಸೂರು ಮಹಾರಾಜರು ಕೊಟ್ಟ 'ರಾಜಸೇವಾಸಕ್ತ' ಎಂಬ ಬಿರುದು. 1944ರಲ್ಲಿ, ಮಂತ್ರಿಗೆ ಸಮನಾದ ಹುದ್ದೆಗೆ ತಮ್ಮನ್ನು ಬಿಟ್ಟು ತಮಗಿಂತ ಕಿರಿಯರನ್ನು ಏರಿಸಿದರೆಂದು ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಬಿರುದನ್ನು ಇಟ್ಟುಕೊಂಡರು. ಮಾಸ್ತಿ ಎಂದರೆ ಸಮಾಧಾನ, ಮಾಸ್ತಿ ಎಂದರೆ ಸಂಯಮ ಎಂದು ಬರೆಯುವ ನಮ್ಮ ವಿಮರ್ಶೆ ಈ ಘಟನೆಯನ್ನು ಅಡಿಟಿಪ್ಪಣಿಯಲ್ಲಿ ಮುಗಿಸುತ್ತದೆ. ನನಗೆ ಇದು ಅವರ ಗದ್ಯದಷ್ಟೇ ಸ್ಪಷ್ಟವಾದ ಒಂದು ವಾಕ್ಯವಾಗಿ ಕಾಣುತ್ತದೆ: ಬಿರುದು ಬಿರುದೇ, ಬಡ್ತಿ ಬಡ್ತಿಯೇ; ಒಂದು ಇನ್ನೊಂದಕ್ಕೆ ವಜಾ ಆಗುವುದಿಲ್ಲ. ಆದರೆ ಹಾಗೆ ಎದ್ದು ನಡೆಯಲು ಮಾಸ್ತಿಗೆ ಸಾಧ್ಯವಿತ್ತು. ತಬರ ರಾಜೀನಾಮೆ ಕೊಡುವುದಾದರೂ ಯಾವುದಕ್ಕೆ? ನಿವೃತ್ತನಾದವನು ಬಿಟ್ಟುಬರಲು ಕುರ್ಚಿಯೇ ಇಲ್ಲ.

ಕೊನೆಗೆ ನಮ್ಮದೇ ಅಂಗಳದ ಕಸ. ಹೊರದೇಶದ ಕನ್ನಡ ಸಂಘಗಳಲ್ಲಿ ಎಲ್ಲಿ ಹೋದರೂ ಒಂದೇ ದೃಶ್ಯ. ಯುಗಾದಿಗೋ ರಾಜ್ಯೋತ್ಸವಕ್ಕೋ ಬಾಡಿಗೆಯ ಸಭಾಂಗಣ. ವೇದಿಕೆಯ ಮೇಲೆ ಊರಿನಿಂದ ಬಂದ ಅತಿಥಿಗೆ ಮೈಸೂರು ಪೇಟ, ಪ್ರಾಯೋಜಕರಿಗೆ ಫಲಕ, ಪದಾಧಿಕಾರಿಗಳು ಒಬ್ಬರಿಗೊಬ್ಬರು ಶಾಲು. ಅದೇ ಹೊತ್ತಿಗೆ ಹಿಂದಿನ ಅಡುಗೆಮನೆಯಲ್ಲಿ ನಾಲ್ಕು ಜನ ಬಿಸಿಬೇಳೆಬಾತಿನ ಪಾತ್ರೆ ಇಳಿಸುತ್ತಿರುತ್ತಾರೆ. ಹತ್ತು ವರ್ಷದಿಂದ ಅದೇ ನಾಲ್ಕು ಜನ. ಅವರ ಹೆಸರನ್ನು ಕೊನೆಯಲ್ಲಿ ಓದುತ್ತಾರೆ, ಜನ ತಟ್ಟೆ ಹಿಡಿದು ಎದ್ದ ಮೇಲೆ. ನಾನೂ ಎರಡು ವರ್ಷ ಮೈಕ್ ಹಿಡಿದು ಹಾಗೆಯೇ ಓದಿದ್ದೇನೆ. ಒಂದು ಸಲ ಒಂದು ಹೆಸರನ್ನು ತಪ್ಪಾಗಿಯೂ ಓದಿದೆ. ಹೆಂಡತಿಯ ಗಾಜಿನ ಮೇಲಿನ ಅಕ್ಷರ ನೋಡಿ ಅಷ್ಟು ಸಿಟ್ಟು ಬಂದದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಅವಳು ಆ ಅಕ್ಷರ ಸರಿಮಾಡಿಸಿ ಕೊಡಿ ಎಂದು ಬರೆದಳು. ವಿಷಾದದ ಒಂದು ಒಳ್ಳೆಯ ಪತ್ರ ಬಂತು; ಮುಂದಿನ ಸಾಲಿನ ಗಾಜುಗಳನ್ನು ಕೆತ್ತಿಸಲು ಕಳಿಸುವಾಗ ಇದನ್ನೂ ಸೇರಿಸುತ್ತಾರಂತೆ. ಭಾನುವಾರದ ಕಾಲ್‌ನಲ್ಲಿ ಮಾವನವರಿಗೆ ಹೇಳಿದಾಗ ಅವರು ಗಂಭೀರರಾದರು. "ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿಸ್ಕೊಂಡ್ಯೇನಮ್ಮ? ಒಂದು ಕಾಪಿ ಇಟ್ಕೊ. ಗಾಜನ್ನ ಮಾತ್ರ ಈಗ್ಲೇ ಕೈಬಿಡಬ್ಯಾಡ, ಹೊಸದು ಕೈಗೆ ಬರೋವರ್ಗೂ."